ಬಂಧ, ಛೇದ, ಅನ್ನಪಾನನಿರೋಧ: ಕಾಲು ಕಳೆದುಕೊಂಡ ಬೆಕ್ಕೊಂದು ಎತ್ತಿದ ಪ್ರಶ್ನೆಗಳು

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಮನೆಯೆದುರಿನ ರಸ್ತೆಯಲ್ಲಿ ವಾಹನವೊಂದರ ಚಕ್ರಕ್ಕೆ ಸಿಕ್ಕಿ ಒಂದು ಹೆಣ್ಣುಬೆಕ್ಕಿನ ಬಲ ಹಿಂಗಾಲು ಜಜ್ಜಿಹೋಯಿತು. ಅದು ಯಾರ ಮನೆಯ ಬೆಕ್ಕೂ ಆಗಿರಲಿಲ್ಲ. ಪಶುವೈದ್ಯರು ಎಕ್ಸ್‌ರೇ ನೋಡಿ, ಮೂಳೆ ಕೂಡುವ ಸ್ಥಿತಿಯಲ್ಲಿಲ್ಲ, ಕಾಲು ತೆಗೆಯದಿದ್ದರೆ ನಂಜೇರಿ ಜೀವ ಹೋಗುತ್ತದೆ ಎಂದರು. ಶಸ್ತ್ರಚಿಕಿತ್ಸೆಯಾದ ಮರುದಿನ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದಾಗ, ಎಂಬತ್ತು ದಾಟಿದ ನನ್ನ ತಾಯಿ ಜಗಲಿಯಲ್ಲಿ ನಿಂತು ಹೀಗೆಂದರು: "ಮದ್ದು ಮಾಡಿಸಿದ್ದು ಒಳ್ಳೆಯದೇ ಆಯಿತು ಮಗಾ. ಆದರೆ ಶ್ರಾವಕರ ಮನೆಯಲ್ಲಿ ಪುಚ್ಚೆ ಸಾಕುವ ಕ್ರಮ ಇಲ್ಲ."

ಬೆಕ್ಕಿಗೆ ತುಳುವಿನಲ್ಲಿ 'ಪುಚ್ಚೆ' ಎನ್ನುತ್ತಾರೆ. ಅಮ್ಮನ ಮಾತು ಕೇವಲ ಮಡಿವಂತಿಕೆಯದೆಂದು ತಳ್ಳಿಹಾಕುವಂತಿರಲಿಲ್ಲ. ಅದರ ಹಿಂದೆ ಸಾವಿರ ವರ್ಷಕ್ಕೂ ಮಿಕ್ಕಿದ ಶಾಸ್ತ್ರದ ಬಲವಿದೆ. ಹೊಲಿಗೆ ಬಿಚ್ಚುವವರೆಗಿನ ಎರಡು ವಾರ ಆ ಬೆಕ್ಕಿನ ಆರೈಕೆಯ ನಡುವೆ, ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳಿದ ಗ್ರಂಥಗಳನ್ನೇ ಮತ್ತೆ ತೆರೆದು ನೋಡಬೇಕಾಯಿತು. ಜೀವದಯೆಯನ್ನು ಪರಮಧರ್ಮವೆಂದ ಪರಂಪರೆ, ಬೇರೆ ಜೀವವನ್ನು ತಿಂದೇ ಬದುಕಬೇಕಾದ ಜೀವದ ಗಾಯವನ್ನು ಹೇಗೆ ನೋಡಿತು? ಈ ಪ್ರಶ್ನೆಯ ಚಾರಿತ್ರಿಕ ನೆಲೆಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾರ್ಜಾರಧಾರಣ

ಬೆಕ್ಕನ್ನು ಇಟ್ಟುಕೊಳ್ಳಬಾರದೆಂಬ ನಿಷೇಧ ಸ್ಪಷ್ಟವಾಗಿ ಕಾಣಸಿಗುವ ಗ್ರಂಥಗಳಲ್ಲಿ ಪ್ರಾಕೃತದ 'ಕಾರ್ತಿಕೇಯಾನುಪ್ರೇಕ್ಷೆ' ಮುಖ್ಯವಾದುದು. ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಡಾ. ಆ. ನೇ. ಉಪಾಧ್ಯೆಯವರು ಇದನ್ನು ಶುಭಚಂದ್ರರ ಸಂಸ್ಕೃತ ಟೀಕೆಯೊಂದಿಗೆ ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು. ಇದರ ಧರ್ಮಾನುಪ್ರೇಕ್ಷೆಯ ಭಾಗದಲ್ಲಿ ಶ್ರಾವಕರು ಬಿಡಬೇಕಾದ ಐದು ಅನರ್ಥದಂಡಗಳ ವಿವರಣೆಯಿದೆ. ತನಗಾಗಲಿ ತನ್ನವರಿಗಾಗಲಿ ನಿಜವಾದ ಪ್ರಯೋಜನವಿಲ್ಲದೆ ಪಾಪವನ್ನು ಮಾತ್ರ ಗಳಿಸಿಕೊಡುವ ಕಾರ್ಯವೇ ಅನರ್ಥದಂಡ. ಅವುಗಳಲ್ಲಿ ಒಂದಾದ ಹಿಂಸಾದಾನವನ್ನು ವಿವರಿಸುವಾಗ ಬೆಕ್ಕು ಮೊದಲಾದವುಗಳ ಧಾರಣ, ಆಯುಧ ಮತ್ತು ಕಬ್ಬಿಣದ ಮಾರಾಟ, ಅರಗು ಮೊದಲಾದವುಗಳ ಸಂಗ್ರಹ ಇವುಗಳನ್ನು ಒಂದೇ ಸಾಲಿನಲ್ಲಿ ಹೇಳಲಾಗಿದೆ.

ಈ ಸಹವಾಸ ಗಮನಾರ್ಹ. ಬೆಕ್ಕು ಇಲ್ಲಿ ಪ್ರಾಣಿಗಳ ಪಟ್ಟಿಯಲ್ಲಿಲ್ಲ, ಹಿಂಸೆಯ ಉಪಕರಣಗಳ ಪಟ್ಟಿಯಲ್ಲಿದೆ. ಕಣಜದ ಇಲಿಗಳನ್ನು ಕೊಲ್ಲಿಸಲು ಮನೆಯಲ್ಲಿ ಇಟ್ಟುಕೊಂಡ ಜೀವಂತ ಆಯುಧವಾಗಿ ಅದು ಶಾಸ್ತ್ರಕಾರನಿಗೆ ಕಂಡಿದೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ 'ಯೋಗಶಾಸ್ತ್ರ'ವೂ ಶ್ರಾವಕರಿಗೆ ಸಲ್ಲದ ಹದಿನೈದು ಬಗೆಯ ಉದ್ಯಮಗಳನ್ನು ಹೇಳುವಾಗ 'ಅಸತೀಪೋಷಣ'ದ ಕೆಳಗೆ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳ ಸಾಕಣೆಯನ್ನು ಸೇರಿಸುತ್ತದೆ. ಆದರೆ ಹೇಮಚಂದ್ರನು ಅಲ್ಲಿ 'ವಿತ್ತಾರ್ಥ' ಎಂಬ ವಿಶೇಷಣವನ್ನು ಬಳಸಿದ್ದಾನೆ. ಹಣಕ್ಕಾಗಿ ಸಾಕುವುದು ದೋಷ ಎಂಬುದು ಅವನ ಆಶಯ.

ಈ ಎರಡೂ ನಿಷೇಧಗಳಿಗೆ ಗುರಿಯಾಗಿರುವುದು ಬೆಕ್ಕಿನಿಂದ ಕೆಲಸ ತೆಗೆಯುವ, ಲಾಭ ಪಡೆಯುವ ಮನುಷ್ಯನ ಉದ್ದೇಶ. ರಸ್ತೆಯಲ್ಲಿ ಕಾಲು ಜಜ್ಜಿಕೊಂಡು ಬಿದ್ದ ಬೆಕ್ಕಿಗೆ ಮದ್ದು ಮಾಡಬಾರದೆಂದು ಇವು ಹೇಳುವುದಿಲ್ಲ. ಅಮ್ಮನೂ ಇದನ್ನು ಬೇರೆ ಮಾಡಿಯೇ ನುಡಿದಿದ್ದರು. ಮದ್ದು ಬೇರೆ, ಸಾಕುವುದು ಬೇರೆ. ಆದರೆ ಮದ್ದು ಮುಗಿದು ಸಾಕುವುದು ಶುರುವಾಗುವ ಗೆರೆ ಎಲ್ಲಿದೆ? ಕಾಲು ಕಳೆದುಕೊಂಡ ಪ್ರಾಣಿಯ ವಿಷಯದಲ್ಲಿ ಆ ಗೆರೆ ಸುಲಭವಾಗಿ ಕಾಣುವುದಿಲ್ಲ.

ಬೆಕ್ಕಿಗೊಂದು ವೈದ್ಯಶಾಸ್ತ್ರವಿಲ್ಲ

ಕನ್ನಡದ ಪಶುವೈದ್ಯ ಸಾಹಿತ್ಯಕ್ಕೆ ಜೈನರ ಕೊಡುಗೆ ದೊಡ್ಡದು. ಚಾಲುಕ್ಯ ರಾಜಕುಮಾರ, ಆರನೆಯ ವಿಕ್ರಮಾದಿತ್ಯನ ಸಹೋದರ ಕೀರ್ತಿವರ್ಮನು ಸು. 1125ರಲ್ಲಿ 'ಗೋವೈದ್ಯ'ವನ್ನು ಬರೆದನು. ಸು. 1400ರ ಅಭಿನವಚಂದ್ರನು 'ಅಶ್ವವೈದ್ಯ'ವನ್ನು ರಚಿಸಿದನು. ಮಂಗರಾಜನ 'ಖಗೇಂದ್ರಮಣಿದರ್ಪಣ' ಹದಿನಾಲ್ಕನೆಯ ಶತಮಾನದ ವಿಷವೈದ್ಯ ಗ್ರಂಥ. ಈ ಸಾಲಿನಲ್ಲಿ ಹಸು ಇದೆ, ಕುದುರೆ ಇದೆ. ಸಂಸ್ಕೃತಕ್ಕೆ ಹೋದರೆ ಆನೆಗೆ ಪಾಲಕಾಪ್ಯನ ಶಾಸ್ತ್ರವಿದೆ. ಉಳುಮೆ, ಹೈನು, ದಂಡು ಇವುಗಳಿಗೆ ಬೇಕಾದ ಪ್ರಾಣಿಗಳಿಗೆ ಮಾತ್ರ ಶಾಸ್ತ್ರ ದೊರೆತಿದೆ. ಅರಸರ ಆಶ್ರಯದಲ್ಲಿ ಬೆಳೆದ ವಿದ್ಯೆಗೆ ಇದು ಸಹಜ. ಬೆಕ್ಕಿಗೊಂದು ಮಾರ್ಜಾಲವೈದ್ಯ ಯಾರಿಗೂ ಬೇಕೆನಿಸಿರಲಿಲ್ಲ.

ಪ್ರಯೋಜನದ ಈ ಲೆಕ್ಕವನ್ನು ಮೀರಿದ ದೃಷ್ಟಿಯೊಂದು ಅದಕ್ಕೂ ಬಹಳ ಹಿಂದೆ, ಕ್ರಿ.ಪೂ. ಮೂರನೆಯ ಶತಮಾನದಲ್ಲೇ ಕಾಣುತ್ತದೆ. ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿರುವುದಾಗಿ ಅಶೋಕನು ತನ್ನ ಎರಡನೆಯ ಬಂಡೆಶಾಸನದಲ್ಲಿ ತಿಳಿಸಿದ್ದಾನೆ. ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಬರೆಯಿಸಿದ ಐದನೆಯ ಸ್ತಂಭಶಾಸನ ಇನ್ನೂ ಮುಖ್ಯವಾದುದು. ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸುತ್ತ ಹೋಗಿ ಕೊನೆಗೆ, ಉಪಯೋಗಕ್ಕೂ ಬಾರದ ತಿನ್ನಲೂ ಆಗದ ಎಲ್ಲ ಚತುಷ್ಪಾದಿಗಳನ್ನೂ ಆ ಶಾಸನ ರಕ್ಷಣೆಯೊಳಗೆ ತರುತ್ತದೆ. ಉಪಯೋಗವಿಲ್ಲದಿರುವುದನ್ನೇ ರಕ್ಷಣೆಗೆ ಅರ್ಹತೆಯಾಗಿ ಹೇಳಿರುವುದು ಇಲ್ಲಿನ ವಿಶೇಷ. ಬೀದಿಯ ಬೆಕ್ಕು ಈ ಮಾತಿನೊಳಗೆ ಬರುತ್ತದೆ.

ಆದರೆ ಅದೇ ಶಾಸನ ಮುಂದುವರಿದು, ಒಂದು ಜೀವವನ್ನು ಇನ್ನೊಂದು ಜೀವದಿಂದ ಪೋಷಿಸಕೂಡದು ಎಂದೂ ವಿಧಿಸುತ್ತದೆ. ಬೆಕ್ಕು ಈ ಎರಡೂ ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮೊದಲನೆಯದರ ಪ್ರಕಾರ ಅದನ್ನು ಕಾಯಬೇಕು, ಎರಡನೆಯದರ ಪ್ರಕಾರ ಅದಕ್ಕೆ ಉಣಿಸುವಂತಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಎದ್ದ ಪ್ರಶ್ನೆ ಇಷ್ಟು ಹಳೆಯದೆಂಬುದು ನನಗೆ ಆ ವಾರದಲ್ಲಿ ಮನದಟ್ಟಾಯಿತು.

ಐದು ಅತಿಚಾರಗಳು

ಆರೈಕೆಯ ದಿನಗಳಲ್ಲಿ ನನಗೆ ಹೆಚ್ಚು ನೆರವಾದುದು 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಬರುವ ಅಹಿಂಸಾಣುವ್ರತದ ಅತಿಚಾರಗಳ ಪಟ್ಟಿ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಅವು ಐದು. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಇವನ್ನು ವಿವರಿಸಿದ್ದಾರೆ. ಪ್ರಾಣಿ ತನಗೆ ಬೇಕಾದ ಕಡೆಗೆ ಹೋಗದಂತೆ ತಡೆಯುವುದು ಬಂಧ. ಕೋಲು, ಚಾವಟಿಗಳಿಂದ ಹೊಡೆಯುವುದು ವಧ. ಕಿವಿ, ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು ಛೇದ. ನ್ಯಾಯವಾದ ಪ್ರಮಾಣಕ್ಕಿಂತ ಹೆಚ್ಚು ಹೊರೆ ಹೇರುವುದು ಅತಿಭಾರ. ಹಸಿವು ಬಾಯಾರಿಕೆಗಳಿಂದ ಬಳಲುವಂತೆ ಮಾಡುವುದು ಅನ್ನಪಾನನಿರೋಧ.

ಇವೆಲ್ಲ ಮುಖ್ಯವಾಗಿ ಪ್ರಾಣಿಗಳನ್ನು ಇಟ್ಟುಕೊಂಡ ಗೃಹಸ್ಥನನ್ನು ಕುರಿತ ಮಾತುಗಳು. ಕಾಲು ತೆಗೆದ ಬೆಕ್ಕಿನ ಪಕ್ಕದಲ್ಲಿ ಕುಳಿತು ಓದಿದಾಗ ಪಟ್ಟಿ ಬೇರೆಯೇ ರೀತಿಯಲ್ಲಿ ಕಂಡಿತು. ನಾವು ಆ ಬೆಕ್ಕಿನ ಅವಯವವನ್ನು ಕತ್ತರಿಸಿದ್ದೆವು. ಅದನ್ನು ಗೂಡಿನಲ್ಲಿ ಕೂಡಿಹಾಕಿದ್ದೆವು. ಅದರ ಆಹಾರವನ್ನು ಕೊಡುವುದೋ ಬಿಡುವುದೋ ಎಂದು ಚರ್ಚಿಸುತ್ತಿದ್ದೆವು. ಅತಿಚಾರವೆಂದು ಹೆಸರಿಸಿದ ಕ್ರಿಯೆಗಳೇ ಶುಶ್ರೂಷೆಯ ಕ್ರಿಯೆಗಳೂ ಆಗಿದ್ದವು.

ಛೇದದ ವಿಷಯಕ್ಕೆ ಪೂಜ್ಯಪಾದರಲ್ಲೇ ಉತ್ತರವಿದೆ. ಆರನೆಯ ಅಧ್ಯಾಯದಲ್ಲಿ, ದುಃಖವನ್ನುಂಟುಮಾಡುವುದರಿಂದ ಅಸಾತಾವೇದನೀಯ ಕರ್ಮ ಅಂಟುತ್ತದೆ ಎಂಬ ಸೂತ್ರವನ್ನು ವ್ಯಾಖ್ಯಾನಿಸುವಾಗ ಅವರು ವೈದ್ಯನೊಬ್ಬನ ದೃಷ್ಟಾಂತವನ್ನು ಕೊಡುತ್ತಾರೆ. ಪರಮ ಕರುಣೆಯಿಂದ ಮುನಿಯ ಮೈಮೇಲಿನ ಹುಣ್ಣನ್ನು ಸೀಳುವ ವೈದ್ಯನು ನೋವಿಗೆ ಕಾರಣನಾದರೂ, ಆ ಹೊರಗಿನ ನಿಮಿತ್ತದಿಂದಷ್ಟೇ ಅವನಿಗೆ ಪಾಪಬಂಧವಾಗುವುದಿಲ್ಲ. ಪೂಜ್ಯಪಾದರ ಹೆಸರಿನಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವೂ ಪ್ರಸಿದ್ಧವಾಗಿದ್ದು, ಜಗದ್ದಳ ಸೋಮನಾಥನು ಸು. 1150ರಲ್ಲಿ ಅದನ್ನು ಕನ್ನಡಕ್ಕೆ ತಂದನೆಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ವೈದ್ಯರು ಗಾಯ ಮೊಣಕಾಲಿನ ಕೆಳಗಷ್ಟೇ ಇದ್ದರೂ ತೊಡೆಯ ಮೂಳೆಯ ಮೇಲ್ಭಾಗದಿಂದಲೇ ಕಾಲನ್ನು ತೆಗೆದಿದ್ದರು. ಉಳಿಸಬಹುದಾದಷ್ಟನ್ನು ಏಕೆ ಉಳಿಸಲಿಲ್ಲ ಎಂಬ ನನ್ನ ಪ್ರಶ್ನೆಗೆ ಅವರ ಉತ್ತರ ಸರಳವಾಗಿತ್ತು. ಅರ್ಧ ಉಳಿದ ಕಾಲನ್ನು ಬೆಕ್ಕು ಅಭ್ಯಾಸಬಲದಿಂದ ನೆಲಕ್ಕೆ ಊರಲು ಹೋಗುತ್ತದೆ, ಮೊಂಡಾದ ತುದಿ ಪದೇ ಪದೇ ನೆಲಕ್ಕೆ ತಾಗಿ ಹುಣ್ಣಾಗುತ್ತದೆ. ಮುಂಗಾಲಾದರೆ ಸಾಮಾನ್ಯವಾಗಿ ಹೆಗಲಮೂಳೆಯ ಸಮೇತ ತೆಗೆಯುತ್ತಾರಂತೆ. ಕಡಿಮೆ ಕತ್ತರಿಸುವುದು ಹೆಚ್ಚು ಕರುಣೆ ಎಂಬ ನನ್ನ ಗ್ರಹಿಕೆ ತಪ್ಪಾಗಿತ್ತು.

ವಧ ಎಂಬ ಮಾತಿಗೆ ಇಲ್ಲಿ ಪ್ರಾಣ ತೆಗೆಯುವುದೆಂಬ ಅರ್ಥವಿಲ್ಲವೆಂದು ಪೂಜ್ಯಪಾದರೇ ಸ್ಪಷ್ಟಪಡಿಸಿದ್ದಾರೆ. ಪ್ರಾಣ ತೆಗೆದರೆ ಅದು ವ್ರತದ ಅತಿಚಾರವಾಗದೆ ವ್ರತದ ಭಂಗವೇ ಆಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಹಿತೈಷಿಯೊಬ್ಬರು, ಬೀದಿಯ ಬೆಕ್ಕಿಗೆ ಇಷ್ಟೆಲ್ಲ ಏಕೆ, ಒಂದು ಸೂಜಿಮದ್ದು ಕೊಡಿಸಿ ನೋವಿನಿಂದ ಬಿಡಿಸಿ ಎಂದಿದ್ದರು. ಈ ಚರ್ಚೆಗೂ ಇತಿಹಾಸವಿದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಅಂಗವಿಕಲವಾಗಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ಮದ್ದು ಚುಚ್ಚಿಸಿ ಮರಣ ಕೊಡಿಸಿದರು. ಅದನ್ನು ಮರೆಮಾಚದೆ ತಮ್ಮ ಪತ್ರಿಕೆಯಲ್ಲಿ ಬರೆದರು. ಗುಜರಾತಿನಲ್ಲಿ, ವಿಶೇಷವಾಗಿ ಜೈನರಿಂದ, ತೀವ್ರ ವಿರೋಧ ಬಂದಿತು. ಗಾಂಧೀಜಿಯ ವಾದ, ಗುಣವಾಗುವ ಆಸೆಯೂ ಸೇವೆಯ ಅವಕಾಶವೂ ಉಳಿದಿರದ ಸ್ಥಿತಿಯನ್ನು ಕುರಿತದ್ದು. ವಿರೋಧಿಗಳ ವಾದ, ಇನ್ನೊಂದು ಜೀವದ ಆಯುಷ್ಯವನ್ನು ನಿರ್ಣಯಿಸುವ ಅಧಿಕಾರವೇ ನಮಗಿಲ್ಲವೆಂಬುದು. ಈ ಎರಡರಲ್ಲಿ ಯಾವುದನ್ನು ಒಪ್ಪಿದರೂ ನಮ್ಮ ಬೆಕ್ಕು ಬದುಕಬೇಕಾಗಿತ್ತು. ಅದು ಗುಣವಾಗುವಂತಿತ್ತು, ಸೇವೆಗೆ ಅವಕಾಶವಿತ್ತು.

ಗೂಡು ಮತ್ತು ಪಾಂಜರಾಪೋಳ

ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹೊಲಿಗೆ ಬಿಚ್ಚುವವರೆಗೆ ಬೆಕ್ಕು ಓಡಬಾರದು, ನೆಗೆಯಬಾರದು, ಗಾಯವನ್ನು ನೆಕ್ಕಬಾರದು ಎಂಬುದು ವೈದ್ಯರ ಕಟ್ಟಪ್ಪಣೆ. ಕೊರಳಿಗೆ ಶಂಕುವಿನಾಕಾರದ ಪ್ಲಾಸ್ಟಿಕ್ ಕಾಲರ್ ಹಾಕಿ, ಜಗಲಿಯ ಮೂಲೆಯಲ್ಲಿ ಗೂಡೊಂದನ್ನು ಅಣಿಮಾಡಿದೆವು. ಜಾರದಂತೆ ಗೋಣಿತಾಟು ಹಾಸಿ, ಮಲಮೂತ್ರಕ್ಕೆ ಅಂಚು ತಗ್ಗಾದ ತಟ್ಟೆಯನ್ನಿಟ್ಟು, ಮರಳಿನ ಕಣ ಗಾಯಕ್ಕೆ ಅಂಟಬಾರದೆಂದು ಹಳೆಯ ಪತ್ರಿಕೆಗಳ ಚೂರು ತುಂಬಿದೆವು. ಮೊದಲೆರಡು ದಿನ ಅದು ಎದ್ದು ನಿಲ್ಲಲು ಹೋಗಿ ಬಲಕ್ಕೆ ವಾಲಿ ಬೀಳುತ್ತಿತ್ತು. ಮೂರನೆಯ ದಿನ ಉಳಿದ ಹಿಂಗಾಲನ್ನು ಹೊಟ್ಟೆಯ ನಡುವಿಗೆ ತಂದು ಊರುವುದನ್ನು ಕಲಿತಿತು. ಬೆಕ್ಕಿನ ಮೈಭಾರದ ಹೆಚ್ಚಿನ ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಹಿಂಗಾಲಿನ ನಷ್ಟಕ್ಕೆ ಅದು ಬೇಗ ಹೊಂದಿಕೊಳ್ಳುತ್ತದೆ.

ಕರುಣೆಗಾಗಿ ಕೂಡಿಹಾಕುವ ಈ ಪದ್ಧತಿಗೆ ಪಶ್ಚಿಮ ಭಾರತದಲ್ಲಿ ಸಾಂಸ್ಥಿಕ ರೂಪ ದೊರೆತಿತ್ತು. ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನೂ ಉಳ್ಳಾಲದ ರಾಣಿಯನ್ನೂ ಕಂಡು ವರ್ಣಿಸಿದ್ದರಿಂದ ಕನ್ನಡಿಗರಿಗೆ ಪರಿಚಿತನಾದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಅದೇ 1623ರಲ್ಲಿ ಇಲ್ಲಿಗೆ ಬರುವ ಮೊದಲು ಗುಜರಾತಿನ ಖಂಬಾತಿನಲ್ಲಿದ್ದನು. ದಾನದಿಂದ ನಡೆಯುತ್ತಿದ್ದ ಪಕ್ಷಿಗಳ ಆಸ್ಪತ್ರೆಯೊಂದನ್ನು ಅವನು ಅಲ್ಲಿ ನೋಡಿದ್ದಾನೆ. ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯಲ್ಲಿಟ್ಟು, ಬಿಳಿಗಡ್ಡದ ವೃದ್ಧನೊಬ್ಬ ಕನ್ನಡಕ ಹಾಕಿಕೊಂಡು ಹಕ್ಕಿಯ ಗರಿಯಿಂದ ಹಾಲು ಕುಡಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಕುಂಟಾದ ಆಡು ಕುರಿಗಳಿಗೆ, ಕಾಲು ಮುರಿದ ದನಕರುಗಳಿಗೆ ಬೇರೆ ಬೇರೆ ಆಶ್ರಯಗಳಿದ್ದವು. ಕಳವಿಗಾಗಿ ಎರಡೂ ಕೈಗಳನ್ನು ಕತ್ತರಿಸಿಕೊಂಡಿದ್ದ ಕಳ್ಳನೊಬ್ಬನು ದುಡಿದು ಉಣ್ಣಲಾರನೆಂದು ಅವನನ್ನೂ ಆ ಪ್ರಾಣಿಗಳ ನಡುವೆಯೇ ಇಟ್ಟು ಸಾಕುತ್ತಿದ್ದರೆಂಬುದು ಅವನ ಬರಹದ ಮರೆಯಲಾಗದ ವಿವರ. ಅರಸನ ನ್ಯಾಯ ಮಾಡಿದ ಛೇದಕ್ಕೆ ಪಾಂಜರಾಪೋಳದ ದಯೆ ಪರಿಹಾರ ಒದಗಿಸಿತ್ತು. ಅಲ್ಲಿ ಇಲಿಮರಿಗೆ ಹಾಲಿತ್ತು. ಆ ಇಲಿಯನ್ನು ತಿನ್ನುವ ಬೆಕ್ಕಿಗೆ ಏನಿತ್ತೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ದೆಹಲಿಯ ಚಾಂದನಿ ಚೌಕದಲ್ಲಿ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾಸ್ಪತ್ರೆ ಇದಕ್ಕೆ ತನ್ನದೇ ರೀತಿಯ ಉತ್ತರ ಕಂಡುಕೊಂಡಿದೆ. ಗಾಯಗೊಂಡ ಪಾರಿವಾಳ, ಗಿಳಿಗಳನ್ನು ಒಳಗಿಟ್ಟು ಉಪಚರಿಸುವ ಅಲ್ಲಿ ಹದ್ದು ಗಿಡುಗಗಳಂಥ ಮಾಂಸಾಹಾರಿ ಹಕ್ಕಿಗಳಿಗೆ ಹೊರರೋಗಿಗಳಾಗಿ ಮಾತ್ರ ಚಿಕಿತ್ಸೆ. ಮದ್ದು ಉಂಟು, ವಾಸವಿಲ್ಲ. ಅಮ್ಮ ಜಗಲಿಯಲ್ಲಿ ನಿಂತು ಹೇಳಿದ ನಿಯಮವೂ ಇದೇ.

ಬೆಕ್ಕಿನ ಅನ್ನ

ಸಮಸ್ಯೆ ನಿಜವಾಗಿ ಬಿಗಿಯಾದುದು ಆಹಾರದಲ್ಲಿ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬಾರದು. ಹಾಲು ಅನ್ನವನ್ನು ಇಟ್ಟೆವು. ಬೆಕ್ಕು ಮೂಸಿ ನೋಡಿ ಮುಖ ತಿರುಗಿಸಿತು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದೂ ಇಲ್ಲ. ವೈದ್ಯರು ವಿವರಿಸಿದರು. ಟಾರಿನ್ ಎಂಬ ಅಮೈನೋ ಆಮ್ಲವನ್ನು ಬೆಕ್ಕಿನ ಶರೀರ ಸಾಕಷ್ಟು ತಯಾರಿಸಿಕೊಳ್ಳಲಾರದು. ಸಹಜವಾಗಿ ಅದು ದೊರೆಯುವುದು ಮಾಂಸ ಮೀನುಗಳಿಂದ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅದಕ್ಕಿಂತ ಹತ್ತಿರದ ಅಪಾಯವೆಂದರೆ ಬೆಕ್ಕು ಕೆಲವು ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಸಾಯಬಹುದು. ಕೃತಕ ಟಾರಿನ್ ಬೆರೆಸಿದ ಸಸ್ಯಾಹಾರವೂ ಇದೆಯಲ್ಲ ಎಂದು ಕೇಳಿದ್ದಕ್ಕೆ, "ಗಾಯ ಮಾಯುವ ಹೊತ್ತಿನಲ್ಲಿ ಆ ಪ್ರಯೋಗ ಬೇಡ ಸರ್" ಎಂದರು.

ಮಾಂಸ ಔಷಧವೇ ಎಂಬ ಪ್ರಶ್ನೆಯನ್ನು ಕನ್ನಡನಾಡಿನ ಜೈನ ವೈದ್ಯರು ಒಂಬತ್ತನೆಯ ಶತಮಾನದಲ್ಲೇ ಎತ್ತಿದ್ದರು. ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ 'ಕಲ್ಯಾಣಕಾರಕ'ದ ಹಿತಾಹಿತ ಪ್ರಕರಣದಲ್ಲಿ ಮಾಂಸದ ನಿರುಪಯುಕ್ತತೆಯನ್ನು ವಾದಿಸಿ ಸ್ಥಾಪಿಸಿದ್ದಾನೆ. ನೃಪತುಂಗ ಅಮೋಘವರ್ಷನ ಸಭೆಯಲ್ಲಿ, ವೈದ್ಯರ ಎದುರಿನಲ್ಲಿ ಅದನ್ನು ಮಂಡಿಸಿದನೆಂಬುದು ಪ್ರಸಿದ್ಧ. ಆದರೆ ಅದು ಮನುಷ್ಯನ ಶರೀರವನ್ನು ಕುರಿತ ವಾದ. ಬೆಕ್ಕಿನ ಶರೀರಕ್ಕೆ ಅದನ್ನು ಅನ್ವಯಿಸಿದರೆ ಆಚಾರ್ಯನಿಗೇ ಅನ್ಯಾಯ.

ಮಾಂಸವಲ್ಲದೆ ಬೇರೆ ಆಹಾರವಿಲ್ಲದ ಪ್ರಾಣಿಯ ಸ್ಥಿತಿಯನ್ನು ಪರಂಪರೆ ಅರಿಯದೆ ಇರಲಿಲ್ಲ. ಅದೇ ರಾಷ್ಟ್ರಕೂಟ ಯುಗದ ಗುಣಭದ್ರಾಚಾರ್ಯರ 'ಉತ್ತರಪುರಾಣ' ಇದಕ್ಕೆ ಸಾಕ್ಷಿ. ಮಹಾವೀರನ ಜೀವ ಹಿಂದೊಂದು ಭವದಲ್ಲಿ ಸಿಂಹವಾಗಿತ್ತು. ಚಾರಣಮುನಿಗಳ ಉಪದೇಶದಿಂದ ಅದಕ್ಕೆ ಹಿಂದಿನದೆಲ್ಲ ನೆನಪಾಗಿ ವ್ರತವನ್ನು ಸ್ವೀಕರಿಸಿತು. ಗುಣಭದ್ರರು ಅಲ್ಲಿ ಒಂದು ಮಾತು ಸೇರಿಸುತ್ತಾರೆ. ಸಿಂಹಕ್ಕೆ ಮಾಂಸದ ಹೊರತು ಆಹಾರವೇ ಇಲ್ಲವಾದುದರಿಂದ ಅದರ ವ್ರತವೆಂದರೆ ನಿರಾಹಾರವೇ ಆಯಿತು. ಇದಕ್ಕಿಂತ ದೊಡ್ಡ ಸಾಹಸ ಬೇರೇನಿದೆ ಎಂದು ಅವರು ಬೆರಗಾಗುತ್ತಾರೆ. ಸಿಂಹ ಹುಲ್ಲು ತಿಂದು ಬದುಕಿತೆಂದು ಅವರು ಕಥೆ ಕಟ್ಟಲಿಲ್ಲ. ಅದು ಸತ್ತಿತು, ಸತ್ತು ಸ್ವರ್ಗದಲ್ಲಿ ಹುಟ್ಟಿತು. ಪುರಾಣದ ಒಳಗೂ ಆಚಾರ್ಯರು ಪ್ರಾಣಿಯ ಸಹಜ ಧರ್ಮವನ್ನು ಸುಳ್ಳು ಮಾಡಲಿಲ್ಲವೆಂಬುದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಸಿಂಹದ ವ್ರತ ಸಿಂಹವೇ ಕೈಗೊಂಡದ್ದು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವಕ್ಕೆ ಐದನೆಯ ಗುಣಸ್ಥಾನದವರೆಗೆ ಏರುವ ಯೋಗ್ಯತೆಯುಂಟೆಂದು ಸಿದ್ಧಾಂತ ಹೇಳುತ್ತದೆ. ಆದರೆ ಏರಬೇಕಾದುದು ಆ ಜೀವವೇ. ನಮ್ಮ ಬೆಕ್ಕು ಯಾವ ವ್ರತವನ್ನೂ ಕೈಗೊಂಡಿರಲಿಲ್ಲ. ನನ್ನ ವ್ರತವನ್ನು ಅದರ ಹೊಟ್ಟೆಯ ಮೇಲೆ ಹೇರಿದರೆ ಅದು ಬೆಕ್ಕಿನ ಸಂಯಮವಾಗದು, ನನ್ನ ಅನ್ನಪಾನನಿರೋಧವಾದೀತು.

ಎರಡನೆಯ ದಿನ ಸಂಜೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದರು: "ಅದು ಏನಾದರೂ ತಿಂದಿತಾ? ನಮ್ಮಲ್ಲಿ ಬೇಯಿಸಿದ ಬೂತಾಯಿ ಉಂಟು. ಉಪ್ಪು ಖಾರ ಹಾಕಲಿಲ್ಲ, ಮುಳ್ಳು ತೆಗೆದು ಕೊಡಲಾ?" ನಾನು ಅಮ್ಮನ ಕಡೆ ನೋಡಿದೆ. ಅವರು ಏನೂ ಹೇಳದೆ ಒಳಗೆ ಹೋದರು. ಗೂಡನ್ನು ಜಗಲಿಯಿಂದ ಅಂಗಳದಾಚೆಯ ಸೌದೆಕೊಟ್ಟಿಗೆಗೆ ಸಾಗಿಸ಼ಿದೆ. ಪಕ್ಕದ ಮನೆಯಾಕೆ ತಮ್ಮದೇ ತಟ್ಟೆಯಲ್ಲಿ ತಂದು ಕೊಟ್ಟರು, ಬೆಕ್ಕು ತಿಂದಿತು. ಹದಿನಾಲ್ಕು ದಿನವೂ ಹೀಗೆಯೇ ನಡೆಯಿತು.

ಇದರಿಂದ ನಾನು ದೋಷಮುಕ್ತನಾದೆನೆಂದು ಹೇಳಲಾರೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಕೃತ-ಕಾರಿತ-ಅನುಮತಗಳ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದ ಪರಂಪರೆಯಲ್ಲಿ ಅಂಗಳದ ಅಗಲ ಯಾರನ್ನೂ ಕಾಪಾಡದು. ಕೈ ನೆರೆಯವರದು, ಅನುಮತಿ ನನ್ನದು. ಜನ್ನನ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗೇ ಭವಭವಗಳ ತಿರ್ಯಗ್ಗತಿ ಬಂದಿತೆಂದು ಪಾಠ ಹೇಳಿದವನಿಗೆ ಇದು ತಿಳಿಯದ ಮಾತಲ್ಲ. ಎರಡು ದೋಷಗಳ ನಡುವೆ ಒಂದನ್ನು ಅರಿತು ಹೊತ್ತುಕೊಂಡೆನೆಂದಷ್ಟೇ ಹೇಳಬಲ್ಲೆ.

ನಿರ್ವಿಚಿಕಿತ್ಸೆ

ಶ್ರವಣಬೆಳಗೊಳದ ಶಾಸನಗಳನ್ನು ಓದಿದವರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧದಾನದ ಪ್ರಶಂಸೆ ಪರಿಚಿತ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಡದಿ ಲಕ್ಷ್ಮೀಮತಿಯನ್ನು ಶಾಸನ ಹೊಗಳಿರುವುದು ಈ ದಾನಗಳಿಗಾಗಿಯೇ. ಅವು ಮುಖ್ಯವಾಗಿ ಮುನಿಸಂಘಕ್ಕೆ ಸಲ್ಲುವ ಪಾತ್ರದಾನಗಳು. ಬೆಕ್ಕು ಪಾತ್ರವಲ್ಲ. ಆದರೆ ಜಿನಸೇನಾಚಾರ್ಯರ 'ಆದಿಪುರಾಣ' ದಾನವನ್ನು ವಿಂಗಡಿಸುವಾಗ ಭಯಗೊಂಡ ಜೀವಿಗಳಿಗೆ ಕರುಣೆಯಿಂದ ಅಭಯ ಕೊಡುವುದನ್ನು ದಯಾದತ್ತಿಯೆಂದು ಬೇರೆಯಾಗಿಯೇ ಹೆಸರಿಸಿದೆ. ನಮ್ಮ ಜಗಲಿಗೆ ಸಲ್ಲುವುದು ಆ ಹೆಸರು. ಆಹಾರ, ಅಭಯ, ಭೈಷಜ್ಯಗಳು ಒಂದಕ್ಕೊಂದು ಅಡ್ಡಬರುವುದಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬೆಕ್ಕಿನ ಮುಂದೆ ಅವು ಅಡ್ಡಬರುತ್ತವೆ. ಅದಕ್ಕೆ ಕೊಟ್ಟ ಆಹಾರ ಇನ್ನೊಂದು ಜೀವದ ಅಭಯವನ್ನು ಕಸಿಯುತ್ತದೆ.

ಶುಶ್ರೂಷೆಯ ದಿನಚರಿಯಲ್ಲಿ ತತ್ತ್ವಜಿಜ್ಞಾಸೆಗೆ ಸಮಯ ಕಡಿಮೆ. ಬೆಳಗ್ಗೆ ಸಂಜೆ ಹೊಲಿಗೆಯನ್ನು ನೋಡಬೇಕು. ಊತ, ಕೀವು, ರಕ್ತ, ದುರ್ವಾಸನೆ ಕಂಡರೆ ವೈದ್ಯರಿಗೆ ತಿಳಿಸಬೇಕು. ಅರಸಿನ, ಎಣ್ಣೆ ಎಂದು ಮನೆಮದ್ದು ಹಚ್ಚಬಾರದು. ಮನುಷ್ಯರಿಗೆ ಕೊಡುವ ನೋವಿನ ಗುಳಿಗೆಗಳನ್ನು ಕೊಡಲೇಬಾರದು. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಬೆಕ್ಕು ನೋವನ್ನು ಅಡಗಿಸಿಡುವ ಪ್ರಾಣಿ, ಕೂಗದಿದ್ದರೆ ನೋವಿಲ್ಲವೆಂದಲ್ಲ. ಮುದುಡಿ ಕೂರುವುದು, ತಿನ್ನದಿರುವುದು, ಕತ್ತಲೆ ಮೂಲೆ ಹುಡುಕುವುದು ಅದರ ಮಾತು. ಗಾಯ ಮಾಯ್ದ ಮೇಲೆ ಮೈ ಬೆಳೆಯದಂತೆ ನೋಡಿಕೊಳ್ಳಬೇಕು. ನಾಲ್ಕು ಕಾಲುಗಳ ಹೊರೆಯನ್ನು ಮೂರರ ಮೇಲೆ ಹೊತ್ತ ಪ್ರಾಣಿಗೆ ಮಮತೆಯಿಂದ ಹೆಚ್ಚು ತಿನಿಸುವುದೂ ಒಂದು ಬಗೆಯ ಅತಿಭಾರಾರೋಪಣವೇ.

ಹೇಸಿಗೆಯನ್ನು ಗೆಲ್ಲುವುದಂತೂ ಮೊದಲ ಪಾಠ. 1112ರಲ್ಲಿ ಮುಳುಗುಂದದಲ್ಲಿ ಪೂರ್ಣಗೊಂಡ ನಯಸೇನನ 'ಧರ್ಮಾಮೃತ' ಸಮ್ಯಕ್ತ್ವದ ಎಂಟು ಅಂಗಗಳಿಗೂ ಕಥೆ ಹೇಳುತ್ತದೆ. ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಪರಂಪರೆಯ ನಿದರ್ಶನ ಉದ್ದಾಯನ ಮಹಾರಾಜ. ಪರೀಕ್ಷಿಸಲೆಂದು ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡು ರಾಜದಂಪತಿಗಳ ಮೇಲೆಯೇ ವಾಂತಿ ಮಾಡಿದರೂ, ತಾನು ಬಡಿಸಿದ ಆಹಾರದಲ್ಲೇ ದೋಷವಿದ್ದಿರಬೇಕೆಂದು ಮರುಗಿ ಉದ್ದಾಯನನು ತನ್ನ ಕೈಯಿಂದಲೇ ಅವನ ಮೈ ತೊಳೆದನು. ಆ ಕಥೆಯನ್ನು ಭಕ್ತಿಯ ಅತಿಶಯವೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಒದ್ದೆಯಾದ ಗೋಣಿತಾಟನ್ನು ನಡುರಾತ್ರಿ ಬದಲಿಸುವಾಗ ಅದು ದಿನನಿತ್ಯದ ಕೆಲಸದ ವರ್ಣನೆಯಾಗಿ ಕಂಡಿತು.

ಹೊಲಿಗೆ ಬಿಚ್ಚಿದ ಮೇಲಿನ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹಿಂಗಾಲಿಲ್ಲದ ಬೆಕ್ಕಿಗೆ ಆ ಬದಿಯ ಕಿವಿ ತುರಿಸಿದರೆ ಕೆರೆದುಕೊಳ್ಳಲಾಗದು. ಆದರೂ ಅದು ತಲೆ ಓರೆಮಾಡಿ, ಇಲ್ಲದ ಕಾಲಿನಿಂದ ಕೆರೆಯಲು ಯತ್ನಿಸುತ್ತದೆ. ಸೊಂಟದ ಬಳಿ ಉಳಿದ ಮಾಂಸಖಂಡ ಮಾತ್ರ ಅಲುಗಾಡುತ್ತದೆ. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅಮ್ಮ ಸೌದೆಕೊಟ್ಟಿಗೆಯ ಮೆಟ್ಟಿಲಲ್ಲಿ ಕುಳಿತಿದ್ದರು. ಬೆಕ್ಕು ಪಕ್ಕದಲ್ಲಿತ್ತು. ಸೊಂಟ ಅಲುಗಿದಾಗಲೆಲ್ಲ ಅವರು ಅದರ ಬಲಗಿವಿಯ ಹಿಂದೆ ಬೆರಳಿನಿಂದ ಕೆರೆಯುತ್ತಿದ್ದರು.

"ಸಾಕುವ ಕ್ರಮ ಇಲ್ಲ ಅಂದಿರಲ್ಲಾ ಅಮ್ಮ" ಎಂದೆ.

"ಸಾಕಿದ್ದು ಯಾರು? ಅದಕ್ಕೆ ಕೈ ಎಟಕುವುದಿಲ್ಲ, ಅಷ್ಟೇ" ಎಂದರು.

ಬೆಕ್ಕು ಈಗಲೂ ಸೌದೆಕೊಟ್ಟಿಗೆಯಲ್ಲಿದೆ. ಒಳಮನೆಗೆ ಬರುವುದಿಲ್ಲ, ಅಮ್ಮ ಬರಗೊಡುವುದೂ ಇಲ್ಲ. ಶಾಸ್ತ್ರ ಎಳೆದ ಗೆರೆ ಇದ್ದಲ್ಲೇ ಇದೆ. ಆ ಗೆರೆಯ ಮೇಲೆ ದಿನಕ್ಕೆ ನಾಲ್ಕಾರು ಬಾರಿ ಒಂದು ಕೈ ಚಾಚಿ ಬೆಕ್ಕಿನ ಕಿವಿ ಕೆರೆಯುತ್ತದೆ. ಜೀವದಯೆಯ ಇತಿಹಾಸವನ್ನು ಗ್ರಂಥಗಳ ನಿಷೇಧಗಳಿಂದ ಮಾತ್ರ ಬರೆಯಹೊರಟರೆ ಇಂಥ ಕೈಗಳು ನಮಗೆ ಕಾಣದೆ ಹೋಗುತ್ತವೆ.